ಹೊಗೆಯ ಹೊತ್ತು

“ಗುರುಗಳೇ, ರೋಗಿಯ ಮನೆಯವರು ಸುಳ್ಳು ಹೇಳಿದರೆ ವೈದ್ಯನ ಹೊಣೆ ಎಲ್ಲಿಗೆ ಮುಗಿಯುತ್ತದೆ?”

ಧರಣೇಂದ್ರ ಹೀಗೆ ಕೇಳಿದಾಗ ಪದ್ಮಯ್ಯ ಪಂಡಿತರು ಅಂಗಳದಲ್ಲಿ ಕೂತು ನೆಲ್ಲಿಕಾಯಿ ಒಣಹಾಕುತ್ತಿದ್ದರು. ಶಿಷ್ಯ ಔಷಧದ ಚೀಲವನ್ನು ಹೆಗಲಿನಿಂದ ಇಳಿಸಿರಲಿಲ್ಲ, ಕಾಲೂ ತೊಳೆದಿರಲಿಲ್ಲ. ಆರು ವರ್ಷದಿಂದ ಅವರ ಬಳಿ ವೈದ್ಯವಿದ್ಯೆ ಕಲಿಯುತ್ತಿದ್ದವನು ಅವನು. ತಾನೊಬ್ಬನೇ ರೋಗಿಗಳ ಮನೆಗೆ ಹೋಗತೊಡಗಿದ್ದು ಈ ವರ್ಷವಷ್ಟೇ. ಶ್ಲೋಕವೂ ಸಿಟ್ಟೂ ಎರಡೂ ಅವನಿಗೆ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು.

“ಯಾರ ಮನೆ?” ಎಂದರು ಪಂಡಿತರು.

“ಗಾಣಿಗರ ಮನೆ. ಸೊಸೆಗೆ ಕಾಮಾಲೆ. ಎಣ್ಣೆ, ಉಪ್ಪು, ಖಾರ ಮುಟ್ಟಿಸಬೇಡಿ ಎಂದು ಅತ್ತೆಗೆ ಬಿಡಿಸಿ ಹೇಳಿದ್ದೆ. ಹದಿನೈದು ದಿನವಾಯಿತು, ಕಣ್ಣಿನ ಹಳದಿ ಇಳಿಯುತ್ತಿಲ್ಲ. ಇವತ್ತು ಹೋಗಿ ಹೊಸಿಲಲ್ಲಿ ನಿಂತೆ, ಒಗ್ಗರಣೆಯ ಘಾಟು ಮೂಗಿಗೆ ಬಡಿಯಿತು. ಆ ಹುಡುಗಿಯ ತಟ್ಟೆಯ ಅಂಚಿನಲ್ಲಿ ಸಾಸಿವೆ ಅಂಟಿಕೊಂಡಿದೆ. ಏನು ಕೊಟ್ಟಿರಿ ಎಂದರೆ, ‘ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ಇಲ್ಲಪ್ಪ’ ಅನ್ನುತ್ತಾಳೆ ಆ ಅತ್ತೆ. ನನ್ನ ಮುಖ ನೋಡಿಕೊಂಡೇ ಅನ್ನುತ್ತಾಳೆ!”

“ಆಮೇಲೆ?”

“ಇನ್ನು ಈ ಮನೆಗೆ ನಾನು ಬರುವುದಿಲ್ಲ ಎಂದು ಹೇಳಿ ಬಂದೆ. ಚಿಕಿತ್ಸೆಗೆ ನಾಲ್ಕು ಕಾಲು ಎಂದು ನೀವೇ ಕಲಿಸಿದ್ದೀರಿ. ವೈದ್ಯ, ಔಷಧ, ಉಪಚಾರ ಮಾಡುವವರು, ರೋಗಿ. ಎರಡು ಕಾಲು ಮುರಿದ ಮಂಚವನ್ನು ನಾನೊಬ್ಬ ಎಷ್ಟು ದಿನ ಎತ್ತಿ ಹಿಡಿಯಲಿ?”

ಗಾಣಿಗರ ಸೊಸೆಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಪಥ್ಯ ಕೆಟ್ಟು, ವೈದ್ಯನೂ ಕೈಬಿಟ್ಟ ಕಾಮಾಲೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು ಪಂಡಿತರಿಗೆ ಗೊತ್ತಿತ್ತು. ಆದರೂ ಅವರು ಶಿಷ್ಯನನ್ನು ಬೈಯಲಿಲ್ಲ. ಒಂದು ನೆಲ್ಲಿಕಾಯಿಯನ್ನು ಬಿಸಿಲಿಗೆ ತಿರುಗಿಸಿ ಇಟ್ಟರು.

“ಚೀಲ ಇಳಿಸು. ಕೂತುಕೋ. ನಿನ್ನ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಒಂದು ಕತೆಯಿದೆ,” ಎಂದರು.

ಧರಣೇಂದ್ರ ಅರೆಮನಸ್ಸಿನಿಂದ ಕೂತ. ಪಂಡಿತರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಹೆಂಡತಿಯಿದ್ದಳು, ಮಕ್ಕಳಿರಲಿಲ್ಲ. ಅವನು ತಿಗರಿಯಲ್ಲಿ ಮಡಕೆ ತಿರುಗಿಸುತ್ತಿದ್ದ. ಅವಳು ಮಣ್ಣು ತುಳಿದು ಹದ ಮಾಡುತ್ತಿದ್ದಳು, ಒಣಗಿದ ಮಡಕೆಗಳನ್ನು ಆವಿಗೆಯಲ್ಲಿ ಸುಡುತ್ತಿದ್ದಳು. ಆವಿಗೆಯೆಂದರೆ ಮಡಕೆ ಒಟ್ಟಿ, ನಡುನಡುವೆ ಸೌದೆ ಬೆರಣಿ ತುಂಬಿ, ಮೇಲೆ ಹುಲ್ಲು ಮುಚ್ಚಿ ಮಣ್ಣು ಮೆತ್ತಿದ ಗೂಡು. ಆ ಕೇರಿಯಲ್ಲಿ ಆವಿಗೆಯ ಉರಿ ಹೆಂಗಸರ ಪಾಲಿನದು. ಗಂಡಸರು ಅದರಲ್ಲಿ ಬಾಯಿ ಹಾಕುತ್ತಿರಲಿಲ್ಲ. ಈ ಕುಂಬಾರನ ಹೆಂಡತಿ ನೋಡಿಕೊಂಡ ಆವಿಗೆಯಲ್ಲಿ ಮಡಕೆ ಬಿರಿಯುವುದಿಲ್ಲವೆಂದು ನೆರೆಯವರೂ ತಮ್ಮ ಆವಿಗೆಗೆ ಅವಳನ್ನೇ ಕರೆಯುತ್ತಿದ್ದರು.

ಕುಂಬಾರ ಊಟದಲ್ಲಿ ಗಟ್ಟಿಗ. ಒಂದು ಮುದ್ದೆ ಮುಗಿದ ಮೇಲೆ ಅವಳು ಎರಡನೆಯದನ್ನು ಹಿಡಿದು ಬಂದರೆ, “ಬ್ಯಾಡ, ಬ್ಯಾಡ,” ಎನ್ನುತ್ತಲೇ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದ. ಮದುವೆಯಾದಂದಿನಿಂದ ಇದು ನಡೆದುಬಂದಿತ್ತು. ಅವನು ಬೇಡವೆನ್ನದ ದಿನ ಅವಳಿಗೆ ಊಟ ಬಡಿಸಿದಂತೆ ಆಗುತ್ತಿರಲಿಲ್ಲ.

ಒಂದು ಚಳಿಗಾಲದ ಕೊನೆಯಲ್ಲಿ ಅವನಿಗೆ ಜ್ವರ ಬಂತು. ಇಪ್ಪತ್ತು ದಿನವಾದರೂ ಬಿಡಲಿಲ್ಲ. ಕೊನೆಗೆ ಪೇಟೆಯಿಂದ ಒಬ್ಬ ವೈದ್ಯನನ್ನು ಕರೆಸಿದರು. ಅವನು ತುಂಬ ಓದಿದವನು. ಕೈಗುಣವೂ ಇತ್ತು, ಅದನ್ನು ಇಲ್ಲವೆನ್ನಬಾರದು. ಮೂರು ದಿನಕ್ಕೊಮ್ಮೆ ಬಂದು, ಜಗಲಿಯ ಮೇಲೆ ಮಲಗಿಸಿದ್ದ ಕುಂಬಾರನ ಪಕ್ಕ ಚಾಪೆಯಲ್ಲಿ ಕೂತು, ನಾಡಿ ನೋಡಿ, ಕಷಾಯ ಹೇಳಿ, ಎದ್ದು ಹೋಗುತ್ತಿದ್ದ. ಕುಂಬಾರರ ಮನೆಯ ಒಳಗೆ ಹೋಗುವ ಪದ್ಧತಿ ಅವನಿಗಿರಲಿಲ್ಲ. ವೈದ್ಯ ಬಂದನೆಂದರೆ ಕೇರಿಯ ಜನವೆಲ್ಲ ತಮ್ಮ ತಮ್ಮ ಕೈ ಚಾಚಿಕೊಂಡು ಜಗಲಿಯ ಮುಂದೆ ಸೇರುತ್ತಿದ್ದರು.

ಅವನ ಕಷಾಯಕ್ಕೆ ಜ್ವರ ಇಳಿಯಿತು. ಆ ದಿನ ವೈದ್ಯ ಹೆಂಡತಿಯನ್ನು ಕರೆದು, “ಜ್ವರ ಇಳಿದಿದೆ. ಆದರೆ ಜಠರಾಗ್ನಿ ಮಂದವಾಗಿದೆ, ಆಮ ಶೇಷವಿದೆ. ಲಘುವಾದ ಪೇಯ ಮಾತ್ರ ನಡೆಯಲಿ, ಗುರು ಆಹಾರ ನಿಷಿದ್ಧ,” ಎಂದ.

ಅಷ್ಟು ಮಾತಿನಲ್ಲಿ ಅವಳಿಗೆ ತಿಳಿದದ್ದು ಜ್ವರ ಇಳಿದಿದೆ ಎಂಬುದೊಂದೇ. ಅವಳ ಕಣ್ಣಲ್ಲಿ ನೀರು ಬಂತು. ಉಳಿದದ್ದನ್ನು ಕೇಳೋಣವೆಂದರೆ ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ವೈದ್ಯ ಬೀದಿ ದಾಟುವ ಮೊದಲೇ ಅವಳು ಒಲೆಯ ಮೇಲೆ ಎಸರಿಟ್ಟಳು. ಇಪ್ಪತ್ತು ದಿನಕ್ಕೂ ಮೀರಿ ಬರಿಹೊಟ್ಟೆಯಲ್ಲಿದ್ದ ಗಂಡನಿಗೆ ಬಿಸಿ ಮುದ್ದೆ ಮಾಡಿ ಬಡಿಸಿದಳು. ಅವನು ಅರ್ಧ ಉಂಡ. ಎದ್ದೇ ಬಿಟ್ಟ ಅಂದುಕೊಂಡಳು ಅವಳು.

ಮೂರನೆಯ ದಿನ ವೈದ್ಯ ಬಂದಾಗ ಕುಂಬಾರನ ಹೊಟ್ಟೆ ಉಬ್ಬಿತ್ತು, ಮೈ ಮತ್ತೆ ಬಿಸಿಯಾಗಿತ್ತು. “ಏನು ಕೊಟ್ಟೆ?” ಎಂದು ವೈದ್ಯ ಕೇಳಿದ. ಅವಳು ಹಿಗ್ಗಿನಿಂದಲೇ ಹೇಳಿದಳು:

“ಅರ್ಧ ಮುದ್ದೆ ಉಂಡವ್ರೆ ಸ್ವಾಮಿ.”

ವೈದ್ಯ ಸಿಡಿದೆದ್ದ. “ಬುದ್ಧಿಯಿಲ್ಲವೇ ನಿನಗೆ? ನಾನು ಉಳಿಸಿ ಕೊಟ್ಟವನನ್ನು ನಿನ್ನ ಕೈಯಾರೆ ಕೊಲ್ಲುತ್ತೀಯಾ? ಗಂಜಿ ಬಿಟ್ಟು ಬೇರೇನೂ ಕೊಡಕೂಡದು!” ಎಂದ.

ಕೇರಿಯೆಲ್ಲ ನಿಂತು ನೋಡುತ್ತಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನ ನೀರಿಗೆ ಹೋದರೆ ಬಾವಿಕಟ್ಟೆಯ ಮೇಲಿನ ಮಾತು ಅವಳನ್ನು ಕಂಡು ನಿಂತಿತು. ಆವಿಗೆಗೆ ಕರೆಯಲು ಬರುತ್ತಿದ್ದವರು ಆ ವಾರ ಬರಲಿಲ್ಲ. ಬೈಗಳು ಒಂದು ಗಳಿಗೆಯದು. ಆದರೆ ಹಗಲೆಲ್ಲ ಅವಳ ಕಿವಿಯಲ್ಲಿ ಅದೇ ಮಾತು ತಿರುಗುತ್ತಿತ್ತು.

ಅವಳು ಹರಕೆ ಹೊತ್ತಳು. ಗಂಡ ಎದ್ದು ಓಡಾಡುವವರೆಗೆ ತಾನೂ ಗಂಜಿಯ ಹೊರತು ಬೇರೇನೂ ಮುಟ್ಟುವುದಿಲ್ಲ ಎಂದಳು. ಗಂಡನಿಗೂ ಗಂಜಿಯನ್ನೇ ಕೊಟ್ಟಳು. ಮೂರು ದಿನ ಹಾಗೆ ನಡೆಯಿತು.

ನಾಲ್ಕನೆಯ ದಿನ ದೀಪ ಹಚ್ಚುವ ಹೊತ್ತಿಗೆ ಕುಂಬಾರ ಅವಳನ್ನು ಕರೆದ.

“ಲೇ, ಒಂದ್ ತುತ್ತು ಮುದ್ದೆ ಕೊಡೇ. ಬಾಯೆಲ್ಲಾ ಸತ್ತೋಗದೆ.”

“ಬೈತಾರೆ ಕಣ್ರೀ. ಬ್ಯಾಡ.”

ಅವನು ಗೋಡೆಯ ಕಡೆ ಹೊರಳಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅವನ ಬೆನ್ನು ಅಲುಗುವುದು ಅವಳಿಗೆ ಕಂಡಿತು. ಮಣ್ಣು ತುಂಬಿದ ಗಾಡಿಯನ್ನು ಒಬ್ಬನೇ ನೂಕುತ್ತಿದ್ದ ಗಂಡಸು, ಒಂದು ತುತ್ತಿಗಾಗಿ ಮಗುವಿನಂತೆ ಅಳುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಹಿಟ್ಟು ತೊಳಸಿದಳು.

ಅಂದಿನಿಂದ ವೈದ್ಯನ ಮುಂದೆ ಗಂಜಿ, ಸಂಜೆಗೆ ಮುದ್ದೆ. ದೊಡ್ಡದೇನಲ್ಲ, ಒಮ್ಮೆ ಎರಡು ತುತ್ತು, ಒಮ್ಮೆ ನಾಲ್ಕು. ಉಳಿದದ್ದನ್ನು ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿ ಕವುಚಿ ಮುಚ್ಚಿಡುತ್ತಿದ್ದಳು. ತಾನು ಮಾತ್ರ ಅದರಿಂದ ಚೂರೂ ಮುರಿದುಕೊಳ್ಳಲಿಲ್ಲ, ಗಂಜಿಯನ್ನೇ ಕುಡಿದಳು.

ವೈದ್ಯ ಬಂದು ಕೇಳುತ್ತಿದ್ದ: “ಏನು ಕೊಟ್ಟೆ?”

“ಗಂಜಿ, ಸ್ವಾಮಿ.”

ಇಲ್ಲಿ ಧರಣೇಂದ್ರ ತಡೆಯಲಾರದೆ ಬಾಯಿ ಹಾಕಿದ. “ನೋಡಿದಿರಾ ಗುರುಗಳೇ! ಅಲ್ಲೂ ಸುಳ್ಳೇ.”

“ಹೂಂ. ಅಲ್ಲೂ ಸುಳ್ಳೇ,” ಎಂದರು ಪಂಡಿತರು. “ಆ ಸುಳ್ಳು ಏನು ಮಾಡಿತು ಅನ್ನುವುದನ್ನು ಕೇಳು.”

ವೈದ್ಯ ಅವಳ ಮಾತನ್ನು ನಂಬಿದ. ಗಂಜಿಯೇ ಅರಗುತ್ತಿಲ್ಲವೆಂದರೆ ಅಗ್ನಿ ತೀರ ಕೆಟ್ಟಿರಬೇಕು ಎಂದು ಲೆಕ್ಕ ಹಾಕಿದ. ಗಂಜಿಯನ್ನು ನಿಲ್ಲಿಸಿ, ಅದರ ತಿಳಿಯನ್ನು ಮಾತ್ರ ಕೊಡಲು ಹೇಳಿದ. ಕಷಾಯವನ್ನು ಎರಡು ಪಟ್ಟು ಮಾಡಿದ, ಆಮೇಲೆ ಕಷಾಯವನ್ನೇ ಬದಲಾಯಿಸಿದ. ತಿಳಿ ಕುಡಿದ ಕುಂಬಾರನಿಗೆ ಬಾಯಿಚಪಲ ಇನ್ನೂ ಹೆಚ್ಚಿತು. ಸಂಜೆಯ ಎರಡು ತುತ್ತು ಆರು ತುತ್ತಾಯಿತು. ಹೊಟ್ಟೆ ಇನ್ನಷ್ಟು ಕೆಟ್ಟಿತು. ವೈದ್ಯ ಕಷಾಯವನ್ನು ಇನ್ನಷ್ಟು ಖಾರ ಮಾಡಿದ. ಹೀಗೆ ಒಬ್ಬರಿಗೊಬ್ಬರು ತಿಳಿಯದೆ ಇಬ್ಬರೂ ಸೇರಿ ನಡುವೆ ಮಲಗಿದ್ದವನನ್ನು ಸಣ್ಣಗೆ ಮಾಡಿದರು.

ಅವಳಿಗೆ ಏನೂ ತಿಳಿದಿರಲಿಲ್ಲ ಎಂದುಕೊಳ್ಳಬೇಡ. ಮುದ್ದೆ ಕೊಟ್ಟ ಮಾರನೆಯ ದಿನ ಹೊಟ್ಟೆ ಹೆಚ್ಚು ಉಬ್ಬುವುದು ಅವಳ ಕಣ್ಣಿಗೆ ಬಿದ್ದಿತ್ತು. ಆದರೆ ನಿಲ್ಲಿಸಿದರೆ ಅವನ ಬೆನ್ನು ಅಲುಗುವುದನ್ನು ನೋಡಬೇಕು. ಹೇಳಿದರೆ ಗಂಡನನ್ನು ಕೊಂದವಳು ಎಂದು ಕೇರಿಯ ಮುಂದೆ ಮತ್ತೊಮ್ಮೆ ಅನ್ನಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದು ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ವೈದ್ಯ ಜಗಲಿಯಲ್ಲಿ ಕೂತು, ಜನ ಸುತ್ತ ಸೇರಿ, “ಏನು ಕೊಟ್ಟೆ?” ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾಲಿಗೆ ತಾನಾಗಿಯೇ “ಗಂಜಿ” ಎನ್ನುತ್ತಿತ್ತು. ಒಳಗೆ ಹೋಗಿ ಅಳುತ್ತಿದ್ದಳು. ಪಾಪ, ಅವಳ ಸಂಕಟ ಯಾರಿಗೂ ಬೇಡ.

ತಿಂಗಳು ತುಂಬುವ ಹೊತ್ತಿಗೆ ಕುಂಬಾರನ ಕಾಲು ಬಾತುಕೊಂಡಿತು. ಅಂದು ಮಧ್ಯಾಹ್ನ ವೈದ್ಯ ಬಂದು ಬಹಳ ಹೊತ್ತು ನಾಡಿ ಹಿಡಿದು ಕೂತ. ಕಷಾಯ ಹೇಳಲಿಲ್ಲ. ಜನ ಅವನ ಮುಖವನ್ನೇ ನೋಡುತ್ತಿದ್ದರು. ಮಲಗಿದ್ದ ಕುಂಬಾರನೂ ನೋಡುತ್ತಿದ್ದ. ಇನ್ನು ತನ್ನ ಕೈಯಲ್ಲಿ ಇಲ್ಲವೆಂಬ ಮಾತನ್ನು ಹೇಳಲೆಂದೇ ವೈದ್ಯ ಬಂದಿದ್ದ. ಆದರೆ ಎಷ್ಟು ಓದಿದವನಾದರೂ ರೋಗಿಯ ಕಣ್ಣ ಮುಂದೆ ಆ ಮಾತು ಹೊರಡುವುದಿಲ್ಲ. ಹೆಂಡತಿಗೊಬ್ಬಳಿಗೇ ಹೇಳೋಣವೆಂದು ಎದ್ದು, ತಲೆ ಬಗ್ಗಿಸಿ, ಮೊದಲ ಸಲ ಆ ಮನೆಯ ಒಳಗೆ ಬಂದ.

ಅವಳು ಅಡುಗೆಮನೆಯಲ್ಲಿದ್ದಳು. ಅವನನ್ನು ಕಂಡು ಸರ್ರನೆ ಎದ್ದಳು. ಬುಟ್ಟಿಗೆ ಬೆನ್ನು ಕೊಟ್ಟು, ಗೋಡೆಗೆ ಒತ್ತಿಕೊಂಡು ನಿಂತಳು. ವೈದ್ಯನಿಗೆ ಕೂರಲು ಮಣೆಯಿರಲಿಲ್ಲ. ಒಲೆಯ ಪಕ್ಕ ಬರಿ ನೆಲದ ಮೇಲೆ ಕೂತುಬಿಟ್ಟ. ಗೋಡೆಯುದ್ದಕ್ಕೆ ಹತ್ತು ಹನ್ನೆರಡು ಮಡಕೆಗಳನ್ನು ಜೋಡಿಸಿಟ್ಟಿತ್ತು. ಎಲ್ಲವೂ ಬಾಯಿಂದ ತಳದವರೆಗೆ ಸೀಳಿದ್ದವು. ಹೇಳಬೇಕಾದ ಮಾತನ್ನು ಇನ್ನೊಂದು ಗಳಿಗೆ ಮುಂದೆ ಹಾಕಲೆಂದು ಅವನು ಅದನ್ನೇ ಕೇಳಿದ.

“ಈ ಮಡಕೆಗಳೆಲ್ಲ ಯಾಕಮ್ಮ ಹೀಗೆ ಸೀಳಿವೆ?”

ಅವಳಿಗೆ ಆಶ್ಚರ್ಯವಾಯಿತು. ಆ ವೈದ್ಯನ ಬಾಯಿಂದ ಅವಳಿಗೆ ತಿಳಿಯುವಂಥ ಪ್ರಶ್ನೆ ಬಂದದ್ದು ಅದೇ ಮೊದಲು.

“ಅವ್ರಿಗೆ ಜ್ವರ ಬಂತಲ್ಲ ಸ್ವಾಮಿ, ಅವತ್ತಿನ ಆವಿಗೆ ಅದು. ನಾನು ತಂಗಿ ಬಾಣಂತನಕ್ಕೆ ಅಂತ ಪಕ್ಕದೂರ್ಗೆ ಹೋಗಿದ್ದೆ. ಮೈ ನಡುಗ್ತಿತ್ತಂತೆ, ಬೇಗ ಮುಗಿಸಿ ಮಲಗಾನ ಅಂತ ಅವ್ರೇ ಉರಿ ಹಾಕವ್ರೆ. ಮೊದಲಿಗೇ ದೊಡ್ಡ ಉರಿ. ಎಲ್ಲಾ ಬಿರ್ತೋದೊ. ಅವ್ರ ಕೈಲಿ ಆದ ಕಡೇ ಮಡಕೆಗಳು ಅಂತ ಬಿಸಾಕಕ್ಕೆ ಮನಸ್ಸು ಬರ್ನಿಲ್ಲ.”

“ದೊಡ್ಡ ಉರಿ ಹಾಕಿದರೆ ಬೇಗ ಬೇಯಬೇಕಲ್ಲವೇ?”

ಅವಳು ಒಂದು ಗಳಿಗೆ ಭಯ ಮರೆತಳು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೂ ತಿಳಿಯದಲ್ಲ ಎಂದು ಅವಳಿಗೆ ಕನಿಕರವೇ ಆಯಿತು.

“ಅಯ್ಯೋ, ಎಲ್ಲಾದ್ರೂ ಉಂಟಾ ಸ್ವಾಮಿ! ಮೇಲೆ ಒಣಗಿದಂಗೆ ಕಂಡ್ರೂ ಒಳಗೆ ಹಸಿ ಇರ್ತದೆ. ಮೊದ್ಲು ಬರೀ ಹೊಗೆ ಕೊಡ್ಬೇಕು. ಹುಲ್ಲು, ಹೊಟ್ಟು ಅಷ್ಟೇ. ಅದು ಹೊಗೆಯ ಹೊತ್ತು. ಮ್ಯಾಲಿನ ಕಿಂಡಿ ಹೊಗೆಗೆ ಅಂಗೈ ಹಿಡಿದು ನೋಡಿದ್ರೆ ಕೈ ಒದ್ದೆಯಾಗ್ತದೆ. ಕೈ ಒದ್ದೆ ಆಗ್ತಾ ಇರೋ ತನಕ ಉರಿ ಹಾಕಂಗಿಲ್ಲ. ಕೈ ಒಣಗಿದ ಮೇಲೆ ಸಣ್ಣ ಪುಳ್ಳೆ. ಆಮೇಲೆ ಬೆರಣಿ. ದೊಡ್ಡ ಕೊರಡು ಕಡೇಗೆ. ಹಸಿ ಇರೋವಾಗ ಆಸೆಬಿದ್ದು ದೊಡ್ಡದು ತುರುಕಿದ್ರೆ...”

ಅಲ್ಲಿಗೆ ಅವಳ ಮಾತು ನಿಂತಿತು.

ಅವಳು ಸೀಳಿದ ಮಡಕೆಗಳನ್ನು ನೋಡಿದಳು. ಜಗಲಿಯ ಕಡೆ ನೋಡಿದಳು. ಅಲ್ಲಿ ಗಂಡ ಮಲಗಿದ್ದ. ಯಾರೂ ಅವಳಿಗೆ ಏನನ್ನೂ ಹೇಳಿರಲಿಲ್ಲ. ವೈದ್ಯ ಇನ್ನೂ ಅವಳ ಮುಂದಿನ ಮಾತಿಗೆ ಕಾದು ಕೂತಿದ್ದ. ಅವಳು ಮೆಲ್ಲಗೆ ಹಿಂದಕ್ಕೆ ತಿರುಗಿ, ಬುಟ್ಟಿಯನ್ನು ಎತ್ತಿದಳು. ಕೆಳಗಿನ ತಟ್ಟೆಯಲ್ಲಿ ನಿನ್ನೆ ಸಂಜೆ ಮುರಿದು ಉಳಿಸಿದ ಮುದ್ದೆಯಿತ್ತು.

“ದಿನಾ ಕೊಟ್ಟಿವ್ನಿ ಸ್ವಾಮಿ,” ಎಂದಳು. ಕಣ್ಣು ಮುಚ್ಚಿಕೊಂಡು ನಿಂತಳು.

ಬೈಗಳು ಬರಲಿಲ್ಲ. ಅವಳು ಕಣ್ಣು ಬಿಟ್ಟು ನೋಡಿದಳು. ವೈದ್ಯನ ಮುಖ ಕೆಂಪಾಗಿತ್ತು, ಸಿಟ್ಟು ಬಂದೇ ಇತ್ತು. ಆದರೆ ಅವನ ಕಣ್ಣು ಬುಟ್ಟಿ ಹಿಡಿದ ಅವಳ ಮಣಿಕಟ್ಟಿನ ಮೇಲಿತ್ತು. ಬಳೆಗಳು ಮೊಳಕೈಯವರೆಗೆ ಜಾರುವಷ್ಟು ಆ ಕೈ ಸೊರಗಿತ್ತು.

“ನೀನೇನು ಉಣ್ಣುತ್ತೀ ತಾಯಿ?” ಎಂದ.

“ಗಂಜಿ, ಸ್ವಾಮಿ. ಇದ್ ಸುಳ್ಳಲ್ಲ.”

ವೈದ್ಯ ತಲೆ ತಗ್ಗಿಸಿದ. “ಮೊದಲನೇ ದಿನ ನೀನು ನಿಜವನ್ನೇ ಹೇಳಿದ್ದೆ. ಅದಕ್ಕೆ ನಾನು ಕೊಟ್ಟ ಬಹುಮಾನವನ್ನು ಕೇರಿಯೆಲ್ಲ ನೋಡಿತು,” ಎಂದ. ಹೇಳಲು ಬಂದಿದ್ದ ಮಾತನ್ನು ಅವನು ಹೇಳಲೇ ಇಲ್ಲ.

ಅಂದು ಅವನು ಆ ಒಲೆಯ ಮುಂದೆಯೇ ಕೂತು ಚಿಕಿತ್ಸೆಯನ್ನು ಮೊದಲಿನಿಂದ ಹೇಳಿದ. ಒಂದೂ ಸಂಸ್ಕೃತದ ಮಾತಿರಲಿಲ್ಲ. ಖಾರದ ಕಷಾಯಗಳನ್ನೆಲ್ಲ ನಿಲ್ಲಿಸಿದ. ಒಣಶುಂಠಿ ಹಾಕಿ ಕಾಯಿಸಿದ ನೀರನ್ನು ಮಾತ್ರ ಉಳಿಸಿದ.

“ಇನ್ನು ಇವನು ನಿನ್ನ ಆವಿಗೆ, ಉರಿ ನಿನ್ನದು. ಹೊಗೆಗೆ ಕೈ ಹಿಡಿದು ನೋಡುತ್ತೀಯಲ್ಲ, ಹಾಗೆ ಬೆಳಿಗ್ಗೆ ಎದ್ದ ಕೂಡಲೇ ಇವನ ನಾಲಿಗೆ ನೋಡು. ಮೇಲೆ ಬಿಳಿ ಪೊರೆ ದಪ್ಪಗಿದ್ದರೆ ಒಳಗೆ ಇನ್ನೂ ಹಸಿ ಇದೆ, ಆ ದಿನ ತಿಳಿ ಮಾತ್ರ. ಪೊರೆ ಸರಿದ ಹಾಗೆ ಗಂಜಿಯನ್ನು ಮಂದ ಮಾಡುತ್ತಾ ಹೋಗು. ಬಾಯಿ ಕೇಳಿದರೆ ಕೊಡಬೇಡ, ಹೊಟ್ಟೆ ಕೇಳಿದರೆ ಕೊಡು. ಯಾವುದು ಕೇಳುತ್ತಿದೆ ಅನ್ನುವುದು ನನಗಿಂತ ನಿನಗೇ ಬೇಗ ತಿಳಿಯುತ್ತದೆ. ಎಲ್ಲಾದರೂ ಮನಸ್ಸು ತಡೆಯದೆ ಒಂದು ತುತ್ತು ಕೊಟ್ಟರೆ ನನಗೆ ಹೇಳು. ನಾನು ಬೈದರೆ ಈ ಒಡಕು ಮಡಕೆಯನ್ನೇ ತೆಗೆದು ನನ್ನ ತಲೆಗೆ ಕುಕ್ಕು.”

ಅವಳು ಅಳುತ್ತಲೇ ನಕ್ಕಳು. ಎಷ್ಟೋ ದಿನವಾಗಿತ್ತು ಅವಳು ನಕ್ಕು.

ಸಂಜೆ ಕುಂಬಾರ ಎಂದಿನಂತೆ ತುತ್ತು ಕೇಳಿದ. ಅವಳು ಅವನ ಪಕ್ಕದಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿ, “ಇನ್ನೂ ಹೊಗೆಯ ಹೊತ್ತು ಕಣ್ರೀ,” ಎಂದಳು.

ಕುಂಬಾರ ಸೂರನ್ನು ನೋಡುತ್ತಾ ಮಲಗಿದ್ದ. ಪೇಯ, ಲಘು, ನಿಷಿದ್ಧ ಎಂದಾಗ ತಿಳಿಯದ್ದು ಅವನಿಗೆ ಈಗ ತಿಳಿಯಿತು. ಹಸಿ ಮಡಕೆಗೆ ಉರಿ ತುರುಕಿ ಏನಾಯಿತೆಂಬುದನ್ನು ಅವನು ಕಣ್ಣಾರೆ ಕಂಡಿದ್ದ. “ಹಂಗಾ?” ಎಂದ. “ಸರಿ ಬುಡು. ಉರಿ ನಿಂದು. ನಾನ್ಯಾಕೆ ಬಾಯಾಕ್ಲಿ.”

ಆ ದಿನ ಅವನು ತುತ್ತಿಗಾಗಿ ಅಳಲಿಲ್ಲ. ಹಾಗೆಂದು ಎಲ್ಲ ದಿನವೂ ಗೆದ್ದನೆಂದಲ್ಲ. ಆರನೆಯ ದಿನ ಅವನು ಅಂಗಲಾಚಿದ, ಅವಳ ಕರುಳು ಕರಗಿ ಒಂದು ಸೌಟು ಮಂದ ಗಂಜಿ ಕೊಟ್ಟಳು. ಮಾರನೆಯ ಬೆಳಿಗ್ಗೆ ನಾಲಿಗೆ ಮತ್ತೆ ಬೆಳ್ಳಗಿತ್ತು. ವೈದ್ಯ ಬಂದು ಚಪ್ಪಲಿ ಬಿಡುವ ಮೊದಲೇ ಅವಳು ಓಡಿ ಹೋಗಿ ಹೇಳಿದಳು. “ಹಾಗಾದರೆ ಇವತ್ತು ತಿಳಿ,” ಎಂದು ವೈದ್ಯ ಒಳಗೆ ಹೋಗಿ ಒಲೆಯ ಪಕ್ಕ ಕೂತ. ಅಷ್ಟರಲ್ಲೇ ಮುಗಿಯಿತು.

ಕಾಲಿನ ಬಾವು ಇಳಿಯಲು ಹತ್ತು ದಿನ ಹಿಡಿಯಿತು. ನಾಲಿಗೆಯ ಮೇಲಿನ ಪೊರೆ ಅಂಚಿನಿಂದ ಸರಿಯತೊಡಗಿತು. ತಿಳಿ ಹೋಗಿ ಗಂಜಿಯಾಯಿತು, ಗಂಜಿಗೆ ಒಂದಿಷ್ಟು ಹೆಸರುಬೇಳೆ ಸೇರಿತು, ಆಮೇಲೆ ಮೆತ್ತಗಿನ ಅನ್ನ. ಒಂದು ದಿನ ಬೆಳಿಗ್ಗೆ ಅವನು ಎದ್ದು ಕೂತು, ಏನನ್ನೂ ಕೇಳದೆ, ಅಡುಗೆಮನೆಯ ಕಡೆ ಮೂಗರಳಿಸಿದ. ಬಾಯಿಯಲ್ಲ, ಹೊಟ್ಟೆ ಕೇಳುತ್ತಿದೆಯೆಂದು ಆಗ ಅವಳಿಗೆ ತಿಳಿಯಿತು. ಅಂದು ನಿಂಬೆಹಣ್ಣಿನ ಗಾತ್ರದ ಮುದ್ದೆ ಮಾಡಿ ಕೊಟ್ಟಳು.

ಆ ವರ್ಷದ ಬೇಸಿಗೆ ಮುಗಿಯುವ ಮೊದಲು ಕುಂಬಾರ ತಿಗರಿಯ ಮುಂದೆ ಕೂತ. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಎರಡನೆಯ ಮುದ್ದೆ ಹಿಡಿದು ಬಂದಳು. ಅವನು “ಬ್ಯಾಡ, ಬ್ಯಾಡ,” ಎನ್ನುತ್ತಾ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಅವಳು ಬಡಿಸಿದವಳೇ ಒಳಗೆ ಓಡಿ, ಒಲೆಯ ಮುಂದೆ ಕೂತು ಮನಸಾರೆ ಅತ್ತಳು. ಆಮೇಲೆ ತನಗೂ ಒಂದು ಮುದ್ದೆ ಬಡಿಸಿಕೊಂಡಳು.

ಆ ವೈದ್ಯ ಬದುಕಿರುವವರೆಗೂ ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ಹೋಗಿ ಕೂರುತ್ತಿದ್ದ. ನಾಡಿ ನೋಡುತ್ತಿದ್ದದ್ದು ಆಮೇಲೆ.

ಪಂಡಿತರು ಕತೆ ಮುಗಿಸಿ ಮತ್ತೆ ನೆಲ್ಲಿಕಾಯಿಗೆ ಕೈ ಹಾಕಿದರು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಧರಣೇಂದ್ರನ ಸಿಟ್ಟು ಇಳಿದಿತ್ತು, ಆದರೆ ಪೂರ್ತಿ ಇಳಿದಿರಲಿಲ್ಲ.

“ಅವಳ ಸಂಕಟ ತಿಳಿಯಿತು ಗುರುಗಳೇ,” ಎಂದ. “ಆದರೂ ಒಂದು ತಿಂಗಳು ಆ ವೈದ್ಯ ಕೇಳಿದಾಗೆಲ್ಲ ಅವಳು ಹೇಳಿದ್ದು ಸುಳ್ಳೇ ತಾನೇ? ಗಾಣಿಗರ ಮನೆಯಾಕೆ ನನಗೆ ಹೇಳಿದ್ದೂ ಸುಳ್ಳೇ.”

“ಸುಳ್ಳೇ,” ಎಂದರು ಪಂಡಿತರು. ಕೈಯಲ್ಲಿದ್ದ ನೆಲ್ಲಿಕಾಯಿಯನ್ನು ಕೆಳಗಿಟ್ಟು, ಶಿಷ್ಯನ ಮುಖ ನೋಡಿದರು.

“ಆ ಮನೆಗೆ ಹೋದಾಗ ನೀನು ಎಲ್ಲಿ ಕೂರುತ್ತೀಯ, ಧರಣೇಂದ್ರ?”

ಹದಿನೈದು ದಿನದಲ್ಲಿ ಅವನು ಆ ಮನೆಯ ಹೊಸಿಲನ್ನು ದಾಟಿರಲಿಲ್ಲ. ಅವನು ಪಕ್ಕದಲ್ಲಿದ್ದ ಔಷಧದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.